ಬಿಲ್ಲಿಗೆ ಲಗತ್ತಿಸಿದ ನಾಟಕ

ಹೋದ ಕಾರ್ತೀಕದ ಒಂದು ಸೋಮವಾರ ನಮ್ಮ ಮಧುವನಹಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಒಂದು ಟೆಂಪೋ ಬಂತು. ಒಂದೇ ಬಣ್ಣದ ಟೀ ಶರ್ಟು ತೊಟ್ಟ ಎಂಟು ಮಂದಿ ಹುಡುಗ ಹುಡುಗಿಯರು ಅದರಿಂದಿಳಿದು ಮೊದಲು ಬ್ಯಾನರು ಕಟ್ಟಿದರು, ಆಮೇಲೆ ತಮಟೆ ತೆಗೆದರು. ನಮ್ಮ ಕಾಲದಲ್ಲಿ ಮೊದಲು ತಮಟೆ, ಜನ ಸೇರಿದ ಮೇಲೆ ಉಳಿದದ್ದು. ಬ್ಯಾನರಿಗೆ ನಮ್ಮ ಹತ್ತಿರ ಬಟ್ಟೆಯೂ ಇರಲಿಲ್ಲವೆನ್ನಿ.

ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಒಂದಿಷ್ಟು ಜನ ಹೋಟೆಲಿನ ಮುಂದೆ ಟೀ ಕುಡಿಯುತ್ತಿದ್ದರು. ಗಂಟು ತಲೆಯ ಮೇಲಿಟ್ಟುಕೊಂಡಿದ್ದ ಮುದುಕಿಯೊಬ್ಬಳು ನನ್ನನ್ನು ಕೇಳಿದಳು: "ಯಾನ ಕೂಸು, ಓಟು ಬಂದದಾ?" ಇಲ್ಲವ್ವ, ಸರ್ಕಾರದ ಯೋಜನೆಯ ನಾಟಕ ಎಂದೆ. "ಅಂಗಾ" ಎಂದವಳು ನಿಲ್ಲದೆ ನಡೆದೇಬಿಟ್ಟಳು. ನಾನೂ ಎದ್ದು ಹೋಗಬಹುದಿತ್ತು. ಅಷ್ಟರಲ್ಲಿ ಹುಡುಗರು ಹಾಡು ಶುರುಮಾಡಿದರು. ಮಾತುಗಳು ಹೊಸವು: ಬ್ಯಾಂಕು ಖಾತೆ, ಆಧಾರ್ ಜೋಡಣೆ, ಅರ್ಜಿ ಸಲ್ಲಿಸಲು ಕೊನೆಯ ದಿನಾಂಕ. ಆದರೆ ರಾಗ ನನಗೆ ಗೊತ್ತಿತ್ತು. 1982ರಲ್ಲಿ ನಾನೇ ಕಟ್ಟಿದ ರಾಗ ಅದು. ಜೀತದ ವಿರುದ್ಧ ಕಟ್ಟಿದ್ದು.

ಕಟ್ಟಿದ್ದು ಎಂದರೆ ಪೂರ್ತಿ ನಿಜವಲ್ಲ. ಈ ರಸ್ತೆಯಲ್ಲಿ ಕಂಸಾಳೆ ಬಡಿಯುತ್ತ ಬೆಟ್ಟಕ್ಕೆ ಹೋಗುವ ದೇವರ ಗುಡ್ಡರಿಂದ ಕದ್ದದ್ದು. ಕದ್ದವನ ಮನೆಯಲ್ಲಿ ಕಳವಾದರೆ ಯಾವ ಬಾಯಲ್ಲಿ ದೂರು ಕೊಡುವುದು? ಆದರೂ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಡಪಂಥ, ನಾಟಕ, ಬರವಣಿಗೆ ಎಂದು ನಲವತ್ತು ವರ್ಷ ಸವೆಸಿದ ಮೇಲೆ ನನ್ನ ಕಿವಿಗೇ ನನ್ನ ಹಾಡು ಹೀಗೆ ವಾಪಸ್ಸು ಬಂದದ್ದು ಹೇಗೆಂದು ಯೋಚಿಸುತ್ತ ಕೂತೆ. ಈ ಬರಹ ಆ ರಾತ್ರಿಯ ಜಗಳ. ಹಳೆಯ ಸಂಗಾತಿಗಳ ಜೊತೆಗಿನ ಜಗಳ, ನಮ್ಮನ್ನು ಗೇಲಿ ಮಾಡುವವರ ಜೊತೆಗಿನದೂ ಹೌದು. ಎರಡೂ ಕಡೆ ನನ್ನ ಪಾಲಿದೆ.

ಗೇಲಿ ಮಾಡುವವರಿಂದ ಶುರುಮಾಡುತ್ತೇನೆ. ಸಾಹಿತ್ಯ ಸಮ್ಮೇಳನಗಳ ಗೋಷ್ಠಿಗಳಲ್ಲಿ ಒಂದು ಮಾತು ಈಗ ಗಾದೆಯ ಹಾಗೆ ಓಡಾಡುತ್ತಿದೆ: ಎಡಪಂಥೀಯರ ಬೀದಿ ನಾಟಕವೆಂದರೆ ಬರೀ ಘೋಷಣೆ, ಅದರಲ್ಲಿ ಕಲೆ ಇರಲಿಲ್ಲ, 1991ರಲ್ಲಿ ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ ಅದೂ ತನ್ನಷ್ಟಕ್ಕೆ ಸತ್ತಿತು. ಹೀಗೆ ಹೇಳುವ ಮಹನೀಯರು ಆ ನಾಟಕಗಳಲ್ಲಿ ಎಷ್ಟನ್ನು ನಿಂತು ನೋಡಿದ್ದಾರೋ ತಿಳಿಯದು. ನಾನು ನೋಡಿದ್ದೇನೆ. ಮೈಸೂರಿನಲ್ಲಿ ಓದುವಾಗ 'ಬೆಲ್ಚಿ' ನೋಡಿದೆ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯಾಕಾಂಡದ ಮೇಲೆ 'ಸಮುದಾಯ' ಆಡುತ್ತಿದ್ದ ಬೀದಿ ನಾಟಕ ಅದು. ಪರದೆಯಿಲ್ಲ, ದೀಪವಿಲ್ಲ, ಬಣ್ಣವಿಲ್ಲ. ಬೆಂಕಿಯೆಂದರೆ ನಟರ ಕೈಗಳೇ. ನನ್ನ ಪಕ್ಕ ನಿಂತಿದ್ದ ಜಟಕಾ ಗಾಡಿಯವನು ನಾಟಕ ಮುಗಿದ ಮೇಲೆ ಬಹಳ ಹೊತ್ತು ಬೀಡಿ ಹಚ್ಚಲಿಲ್ಲ. ಕಡ್ಡಿಪೆಟ್ಟಿಗೆ ಕೈಯಲ್ಲೇ ಇತ್ತು. ಕಲೆ ಇರಲಿಲ್ಲವೆನ್ನುವವರು ಆ ಕಡ್ಡಿಪೆಟ್ಟಿಗೆಗೆ ಬೇರೆ ಯಾವ ಹೆಸರಿಡುತ್ತಾರೆ?

ಸಮುದಾಯ ಹುಟ್ಟಿದ್ದು 1975ರಲ್ಲಿ, ತುರ್ತುಪರಿಸ್ಥಿತಿಯ ವರ್ಷ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಪ್ರಸನ್ನ, ಅರ್ಥಶಾಸ್ತ್ರದ ಮೇಷ್ಟ್ರು ಸಿ.ಜಿ. ಕೃಷ್ಣಸ್ವಾಮಿ, ಇನ್ನೂ ಎಷ್ಟೋ ಜನ ಕೂಡಿ ಕಟ್ಟಿದ ತಂಡ. 1979ರಲ್ಲಿ ಅವರ ಜಾಥಾ ರಾಜ್ಯದ ಊರೂರು ಸುತ್ತಿತು. ಇದೇ ಸಿಜಿಕೆ ಮುಂದೆ ದೇವನೂರ ಮಹಾದೇವರ 'ಒಡಲಾಳ'ವನ್ನು ರಂಗಕ್ಕೆ ತಂದರು, ಉಮಾಶ್ರೀ ಸಾಕವ್ವನಾದರು. ಅದರಲ್ಲಿ ಯಾವ ಘೋಷಣೆ ಇತ್ತು? ಕಳೆದುಹೋದ ಹುಂಜವನ್ನು ಹುಡುಕುವ ಒಬ್ಬ ಮುದುಕಿ, ಕದ್ದ ಕಡಲೆಕಾಯನ್ನು ಒಂದು ರಾತ್ರಿ ಸುಲಿದು ತಿನ್ನುವ ಒಂದು ಮನೆ, ಬೆಳಗಾದರೆ ಪೊಲೀಸರು. ಅಷ್ಟೇ. ಬೀದಿಯಲ್ಲಿ 'ಬೆಲ್ಚಿ' ಮಾಡಿದ ಕೈಯೇ ರಂಗಮಂದಿರದಲ್ಲಿ 'ಒಡಲಾಳ' ಮಾಡಿತು ಎಂಬುದನ್ನು ನಮ್ಮ ಗೋಷ್ಠಿಯ ಮಹನೀಯರು ಜಾಣತನದಿಂದ ಮರೆಯುತ್ತಾರೆ.

ಅದಕ್ಕೂ ದೊಡ್ಡ ಸುಳ್ಳು ಬೀದಿ ನಾಟಕ ಸತ್ತಿತು ಎಂಬುದು. ಸ್ವಾಮಿ, ಬೀದಿ ನಾಟಕ ಸತ್ತಿಲ್ಲ. ಆಗ ನಾವು ವರ್ಷಕ್ಕೆ ಮೂವತ್ತು ಪ್ರದರ್ಶನ ಕೊಟ್ಟರೆ ಹೆಚ್ಚು. ಈಗ ಆ ಟೆಂಪೋದ ಮಕ್ಕಳು ಒಂದೇ ದಿನಕ್ಕೆ ಎರಡೋ ಮೂರೋ ಊರು ಮುಗಿಸುತ್ತಾರೆ. ಅದು ಜೀವಂತವಾಗಿದೆ, ದಷ್ಟಪುಷ್ಟವಾಗಿದೆ. ಧಣಿ ಬದಲಾಗಿದ್ದಾನೆ, ಅಷ್ಟೇ.

ಧಣಿಯನ್ನು ಬದಲಿಸಿದವರು ಯಾರು? ಇಲ್ಲಿಂದ ಮುಂದೆ ಜಗಳ ನಮ್ಮ ಮನೆಯೊಳಗಿನದು.

ನಾನು ಬಿ.ಎ. ಮುಗಿಸಿ ಊರಿಗೆ ಬಂದಾಗ ಅಪ್ಪನಿಗೆ ಎರಡೆಕರೆ ಹಿಪ್ಪನೇರಳೆ ತೋಟವಿತ್ತು, ಮನೆಯ ತುಂಬ ರೇಷ್ಮೆ ಹುಳು. ಕೊಳ್ಳೇಗಾಲದ ಸೀಮೆ ಗೊತ್ತಿದ್ದವರಿಗೆ ಹೇಳಬೇಕಾದ್ದಿಲ್ಲ. ಹುಳು ಹಣ್ಣಾದ ದಿನ ಮನೆಯಲ್ಲಿ ಹೆಣ ಬಿದ್ದಿದ್ದರೂ ಮೊದಲು ಹುಳು ಆರಿಸಿ ಚಂದ್ರಿಕೆಗೆ ಬಿಡಬೇಕು. ಅದು ಯಾವ ಕ್ರಾಂತಿಗೂ ಕಾಯುವುದಿಲ್ಲ. ನಾನು ತಾಲೀಮಿಗೆ ಹೋದ ಎಷ್ಟೋ ರಾತ್ರಿ ಆ ಹುಳುಗಳನ್ನು ಆರಿಸಿದವರು ಅವ್ವ, ಆಮೇಲೆ ನನ್ನ ಹೆಂಡತಿ. ಎಡಪಂಥೀಯರ ಆತ್ಮಕತೆಗಳಲ್ಲಿ ಈ ಲೆಕ್ಕ ಬರುವುದು ಅಪರೂಪ, ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಸಮುದಾಯವನ್ನು ನೋಡಿ ಕಲಿತ ನಾಲ್ಕಾರು ಜನ ಸೇರಿ ನಾವೂ ಒಂದು ತಂಡ ಕಟ್ಟಿಕೊಂಡೆವು. ದಲಿತ ಸಂಘರ್ಷ ಸಮಿತಿ ಕೇರಿಗಳಲ್ಲಿ ಸಭೆ ನಡೆಸುತ್ತಿದ್ದ ಕಾಲ. 1980ರ ನರಗುಂದ ಗೋಲಿಬಾರಿನ ನಂತರ ರೈತರೂ ಹಸಿರು ಶಾಲು ಹೊದ್ದು ಬೀದಿಗಿಳಿದಿದ್ದರು. 1976ರಲ್ಲೇ ಕಾನೂನು ಬಂದು ಜೀತ ರದ್ದಾಗಿತ್ತು, ಕಾಗದದ ಮೇಲೆ. ನಮ್ಮ ಸುತ್ತಿನ ಊರುಗಳಲ್ಲಿ ಅಪ್ಪನ ಸಾಲಕ್ಕೆ ಮಗ ದನ ಕಾಯುವುದು ನಿಂತಿರಲಿಲ್ಲ. ಅದರ ಮೇಲೆ ನಾಟಕ ಮಾಡಿದೆವು. ತಮಟೆಗೆ ಪಕ್ಕದೂರಿನ ಕೇರಿಯ ಒಬ್ಬ ಅಣ್ಣ ಬರುತ್ತಿದ್ದ. ಅವನ ಕೈಯಲ್ಲಿ ತಮಟೆ ಮಾತಾಡುತ್ತಿತ್ತು. ನಮ್ಮ ಸಂಭಾಷಣೆಗಿಂತ ಚೆನ್ನಾಗಿಯೇ ಮಾತಾಡುತ್ತಿತ್ತು.

ಅವನ ಊರಿನಲ್ಲೇ ಒಂದು ಸಂಜೆ ಆಡಿದೆವು. ಜನ ಕಿಕ್ಕಿರಿದಿದ್ದರು. ಮುಗಿಸಿ, ಕೈ ಕೈ ಕುಲುಕಿ, ಕೊನೇ ಬಸ್ಸು ಹತ್ತಿದೆವು. ಮಾರನೆಯ ಬೆಳಿಗ್ಗೆ ಅವನು ಕೂಲಿಗೆ ಹೋದರೆ ಜಮೀನುದಾರ ಹೇಳಿದನಂತೆ: "ಕೂಲಿಯ ಆ ನಾಟಕದವರ್ತವೇ ಇಸ್ಕೊ, ಓಗು." ಆ ವರ್ಷವೆಲ್ಲ ಊರಲ್ಲಿ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅವನು ಕರಿಕಲ್ಲು ಕ್ವಾರಿಗೆ ಹೋದ. ವಿಷಯ ತಿಳಿದು ನಾವು ಹುಡುಕಿಕೊಂಡು ಹೋಗುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. "ನೀವು ಆಡ್ಬುಟ್ಟು ಬಸ್ಸತ್ಕಂಡ್ರಿ ಬುದ್ಧಿ. ನಾ ಅಲ್ಲೇ ಇರೋನಲ್ವಾ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದ. ಕಲ್ಲಿನ ಪುಡಿ ಹಿಡಿದ ಆ ಬೆರಳುಗಳನ್ನು ನೋಡಿದ ಮೇಲೂ ನಾವು ತಂಡದ ಸಭೆಯಲ್ಲಿ ಚರ್ಚಿಸಿದ್ದು ಏನನ್ನು ಗೊತ್ತೆ? ಮುಂದಿನ ನಾಟಕಕ್ಕೆ ತಮಟೆ ಯಾರು ಬಾರಿಸುತ್ತಾರೆ ಎಂಬುದನ್ನು.

ನಮ್ಮ ರೋಗದ ಬೇರು ಅಲ್ಲಿತ್ತೆಂದು ಈಗ ನನಗನ್ನಿಸುತ್ತದೆ. ಜನರ ಹತ್ತಿರ ಹೋಗುವುದೆಂದರೆ ಅವರಿಗೆ ಏನನ್ನೋ ಮುಟ್ಟಿಸಿ ಬರುವುದು ಎಂದುಕೊಂಡಿದ್ದೆವು. ಅಂಚೆಯವನ ಹಾಗೆ. ಕಾಗದ ಕೊಟ್ಟೆ, ಸೈಕಲ್ ಹತ್ತಿದೆ. ಅದರಲ್ಲಿದ್ದ ಸುದ್ದಿ ಆ ಮನೆಯಲ್ಲಿ ಏನು ಮಾಡಿತು ಎಂಬುದು ಅಂಚೆಯವನಿಗೆ ಸೇರಿದ್ದಲ್ಲ. ಒಮ್ಮೆ ಅಂಚೆಯವನಾದ ಮೇಲೆ ಚೀಲದಲ್ಲಿ ಯಾರ ಕಾಗದವಿದ್ದರೇನು?

ಹಾಗೆಯೇ ಆಯಿತು. 1990ರಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ದೇಶದ ತುಂಬ ಹೊರಟಿತು, ಅದರ ಬೆನ್ನಿಗೆ ಜಿಲ್ಲೆ ಜಿಲ್ಲೆಗಳಲ್ಲಿ ಸಾಕ್ಷರತಾ ಆಂದೋಲನ. ಅದನ್ನು ನಾನು ಹಳಿಯಲಾರೆ. ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರು ನಮ್ಮ ತಾತನ ತಲೆಮಾರಿನಲ್ಲಿ ಬೇಕಾದಷ್ಟಿದ್ದರು. 1956ರವರೆಗೆ ನಾವು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವರು, ಕಚೇರಿಯ ಕಾಗದ ಬಂದರೆ ಯಾವ ಭಾಷೆಯಲ್ಲಿದೆ ಎಂದು ತಿಳಿಯುವುದೇ ಒಂದು ಪಾಡಾಗಿತ್ತಂತೆ. ಅಕ್ಷರ ಕಲಿಸುವ ನಾಟಕಕ್ಕೆ ನಾವು ಕುಣಿಯುತ್ತಲೇ ಹೋದೆವು. ಮೊದಲ ಸಲ ನಮಗೆ ಗೌರವಧನ ಬಂತು, ಜೀಪು ಬಂತು, ಊಟ ಬಂತು. ಆಮೇಲೆ ಇಂಗುಗುಂಡಿಯ ನಾಟಕ ಬಂತು, ಸಣ್ಣ ಉಳಿತಾಯದ್ದು ಬಂತು, ಏಡ್ಸ್ ಜಾಗೃತಿಯದು ಬಂತು. ಬರೆದವನು ನಾನೇ. ಜೀತದ ರಾಗಕ್ಕೆ ಇಂಗುಗುಂಡಿಯ ಮಾತು ಹೊಂದಿಸಿದವನೂ ನಾನೇ. ಟೆಂಪೋದ ಮಕ್ಕಳನ್ನು ದೂರುವ ಹಕ್ಕು ನನಗೆಲ್ಲಿದೆ?

ಇಷ್ಟಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೊಟ್ಟೆಪಾಡು ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ವರ್ಷಗಳಲ್ಲಿ ನಮ್ಮೂರಿನ ಮುಂದಿನ ಇದೇ ರಸ್ತೆಯಲ್ಲಿ, ಹನೂರು ರಾಮಾಪುರ ದಾಟಿ ಬೆಟ್ಟಕ್ಕೆ ಹೋಗುವ ಈ ರಸ್ತೆಯಲ್ಲಿ, ಬೇರೊಂದು ನಾಟಕ ನಡೆಯುತ್ತಿತ್ತು. ವೀರಪ್ಪನ್ ಬೇಟೆ. ವೀರಪ್ಪನ್ ಸಂತನಲ್ಲ, 1993ರ ಏಪ್ರಿಲಿನಲ್ಲಿ ಪಾಲಾರ್ ಬಳಿ ಅವನ ನೆಲಬಾಂಬಿಗೆ 22 ಜನ ಸತ್ತರು. ಆದರೆ ಅವನು ಸಿಕ್ಕದೆ ಹೋದಾಗ ಸಿಕ್ಕವರು ಕಾಡಂಚಿನ ಬಡವರು. ಅಕ್ಕಿ ಕೊಟ್ಟರು, ದಾರಿ ತೋರಿಸಿದರು ಎಂಬ ಅನುಮಾನದ ಮೇಲೆ ಗಂಡಸರು ಹೆಂಗಸರೆನ್ನದೆ ಟಾಡಾ ಕಾಯ್ದೆಯಲ್ಲಿ ಮೈಸೂರಿನ ಜೈಲು ಸೇರಿದರು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಟಾಡಾದಲ್ಲಿ ಪೊಲೀಸ್ ವರಿಷ್ಠಾಧಿಕಾರಿಯ ಮುಂದಿನ ತಪ್ಪೊಪ್ಪಿಗೆಯೇ ಸಾಕ್ಷ್ಯ. ಓದಲು ಬಾರದವನ ಒಂದು ಹೆಬ್ಬೆಟ್ಟಿಗೆ ಅಷ್ಟು ಬೆಲೆ! ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿದ್ದು 1999ರಲ್ಲಿ. 89 ಜನರಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದದ್ದು 2007ರಲ್ಲಿ. ಅಷ್ಟು ಹೊತ್ತಿಗೆ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು.

ನಾವೇನು ಮಾಡುತ್ತಿದ್ದೆವು? ಅಕ್ಷರದ ನಾಟಕ ಆಡುತ್ತಿದ್ದೆವು.

ರಾಮಾಪುರದ ಕಡೆಯಿಂದ ಬರುವ ಬಸ್ಸಿನಲ್ಲಿ ಒಮ್ಮೆ ಒಬ್ಬಳು ಹೆಂಗಸು ನನ್ನ ಪಕ್ಕ ಕೂತಿದ್ದಳು. ಗಂಡನನ್ನು ಕರೆದೊಯ್ದಿದ್ದಾರೆ, ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿದ್ದಾರೆ, ಅದರಲ್ಲಿ ಏನಿತ್ತು ಯಾರನ್ನು ಕೇಳಲಿ ಎಂದಳು. ನಾನು ಅದನ್ನು ನಾಟಕಕ್ಕೆ ಸೇರಿಸಿದೆ. ಎರಡೇ ನಿಮಿಷದ ದೃಶ್ಯ: ಒಬ್ಬ ಖಾಕಿ, ಒಬ್ಬ ರೈತ, ಒಂದು ಕಾಗದ. ಹೆಬ್ಬೆಟ್ಟು ಒತ್ತುವ ಮುನ್ನ ಓದು ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಆ ಹೊತ್ತು ಇದಕ್ಕಿಂತ ದೊಡ್ಡ ಉದಾಹರಣೆ ಇರಲಿಲ್ಲ. ತಾಲೀಮು ನೋಡಲು ಬಂದ ಅಧಿಕಾರಿ ಒಳ್ಳೆಯ ಮನುಷ್ಯ, ಕವಿತೆ ಓದುವವರು. ಹಸ್ತಪ್ರತಿಯ ಮೇಲೆ ಕೆಂಪು ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, "ಇದೊಂದು ಸೀನು ಬೇಡಿ ಸಾರ್, ಉಳಿದದ್ದೆಲ್ಲ ಸೊಗಸಾಗಿದೆ" ಎಂದರು. ನಾನು ತೆಗೆದೆ. ತಂಡದಲ್ಲಿ ಯಾರೂ ಏಕೆಂದು ಕೇಳಲಿಲ್ಲ. ಆ ಸಂಜೆಯ ಊಟಕ್ಕೆ ಹೋಳಿಗೆ ಮಾಡಿಸಿದ್ದರು, ಅದೂ ನೆನಪಿದೆ.

1989ರ ಜನವರಿ 1ರಂದು ದೆಹಲಿಯ ಅಂಚಿನ ಝಂಡಾಪುರದಲ್ಲಿ 'ಹಲ್ಲಾ ಬೋಲ್' ಆಡುತ್ತಿದ್ದ ಸಫ್ದರ್ ಹಾಶ್ಮಿಯ ಮೇಲೆ ಗೂಂಡಾಗಳು ಬಿದ್ದರು. ಮರುದಿನ ಅವರು ತೀರಿಕೊಂಡರು. ರಾಮ್ ಬಹಾದುರ್ ಎಂಬ ಕಾರ್ಮಿಕನೂ ಕೊಲೆಯಾದ. ಜನವರಿ 4ರಂದು ಸಫ್ದರ್ ಅವರ ಹೆಂಡತಿ ಮೊಲೊಯಶ್ರೀ ತಂಡವನ್ನು ಕಟ್ಟಿಕೊಂಡು ಅದೇ ಜಾಗಕ್ಕೆ ಹೋಗಿ ನಿಂತುಹೋಗಿದ್ದ ನಾಟಕವನ್ನು ಪೂರ್ತಿ ಆಡಿದರು. ಆ ಸುದ್ದಿ ಬಂದಾಗ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ನಾವು ಸಭೆ ಮಾಡಿದ್ದೆವು, ನಾನು ಗಂಟಲು ಹರಿಯುವಂತೆ ಮಾತಾಡಿದ್ದೆ. ಅದಾಗಿ ನಾಲ್ಕೈದು ವರ್ಷಕ್ಕೆ ಒಂದು ಕೆಂಪು ಪೆನ್ಸಿಲ್ಲು ನನ್ನನ್ನು ನಿಲ್ಲಿಸಿತು. ಗೂಂಡಾ ಬರಲಿಲ್ಲ, ಲಾಠಿ ಬರಲಿಲ್ಲ.

ಇದನ್ನು ಹೇಳಿದರೆ ಸಂಗಾತಿಗಳು ಮುನಿಯುತ್ತಾರೆ. ಕಲಾವಿದರು ಊಟ ಮಾಡಬಾರದೆ ಎನ್ನುತ್ತಾರೆ. ಸರ್ಕಾರದ ಹಣ ಜನರ ಹಣವೇ ಅಲ್ಲವೆ ಎಂದು ಇನ್ನೊಬ್ಬರು. ಒಳಗಿದ್ದುಕೊಂಡೇ ಎರಡು ಒಳ್ಳೆಯ ಮಾತು ತೂರಿಸಬಹುದು ಎಂಬುದು ಮೂರನೆಯವರ ವಾದ. ಆ ಎರಡು ಮಾತಿನ ಗತಿ ಏನಾಯಿತೆಂದು ಈಗ ತಾನೆ ಹೇಳಿದೆ. ಊಟದ ಪ್ರಶ್ನೆ ಮಾತ್ರ ನಿಜವಾದದ್ದು. ನಿರಂಜನರಂಥವರು ಬರವಣಿಗೆಯನ್ನೇ ಕಸುಬು ಮಾಡಿಕೊಂಡು ಬಾಳಿದರು. ಕಯ್ಯೂರಿನ ರೈತರ ಮೇಲೆ 'ಚಿರಸ್ಮರಣೆ' ಬರೆದ ಅವರು ಪಾರ್ಶ್ವವಾಯು ಬಡಿದ ಮೇಲೂ ಕೆಲಸ ನಿಲ್ಲಿಸದೆ ನವಕರ್ನಾಟಕಕ್ಕೆ 25 ಸಂಪುಟಗಳ 'ವಿಶ್ವಕಥಾಕೋಶ' ಸಂಪಾದಿಸಿಕೊಟ್ಟರು. ಹಣ ಪಡೆದೇ ಬರೆದರು, ಅದರಲ್ಲಿ ತಪ್ಪೇನಿದೆ? ಪ್ರಸನ್ನ ಹೆಗ್ಗೋಡಿನ ಕಡೆಗೆ ಹೋಗಿ ಕೈಮಗ್ಗ ಕಟ್ಟಿದರು. ಅವರ ಚರಕದ ದಾರಿಯ ಬಗ್ಗೆ ನನಗೆ ನೂರು ತಕರಾರಿದೆ, ಆದರೆ ಅವರು ಬೀದಿಯನ್ನು ಬಾಡಿಗೆಗೆ ಕೊಡಲಿಲ್ಲ.

ನಮ್ಮ ನೀಲಗಾರರನ್ನೇ ನೋಡಿ. ತಂಬೂರಿ, ಗಗ್ಗರ, ಡಿಮ್ಕಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುವವರು. ಅವರೂ ಪುಕ್ಕಟೆ ಹಾಡುವುದಿಲ್ಲ. ರಾಗಿ ಇಸಿದುಕೊಳ್ಳುತ್ತಾರೆ, ದುಡ್ಡು ಇಸಿದುಕೊಳ್ಳುತ್ತಾರೆ. ಆದರೆ ಕೊಡುವ ಕೈ ಕೇಳುವವನದೇ. ಹಾಡುಗಾರ ಒಂದು ಸೊಲ್ಲು ನುಂಗಿದರೆ ಮುಂದೆ ಕೂತ ಮುದುಕ ತಡೆದು ಕೇಳುತ್ತಾನೆ, ನಾನೇ ಕಂಡಿದ್ದೇನೆ. ಎಂಬತ್ತರ ದಶಕದಲ್ಲಿ ಅಂಥ ಒಬ್ಬ ಹಿರಿಯರ ಬಳಿ ಹೋಗಿ ನಾನು, "ಅಜ್ಜ, ದೇವರ ಭಾಗ ಬಿಟ್ಟು ಕೂಲಿಯ ವಿಷಯ ಸೇರಿಸಿ ಹಾಡಿ" ಎಂದಿದ್ದೆ. ಅವರು ನಕ್ಕರು. "ಅಲಗೂರ ಪಾಂಚಾಳ್ರ ಕುಲುಮೆ ಮುಂದ ಸಿದ್ದಪ್ಪಾಜಿ ಯಾನ ಕೇಳ್ದ? ಕಬ್ಬುಣ ಕೇಳ್ದ. ಅದು ಕೆಲ್ಸದ್ ಇಚಾರ ಅಲ್ವಾ ಕೂಸು?" ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಪುಸ್ತಕದ ಕಪಾಟಿನಲ್ಲಿ ಬ್ರೆಕ್ಟ್ ಇದ್ದ, ಗಾರ್ಕಿ ಇದ್ದ. ಮನೆಯಿಂದ ಕೂಗಳತೆಯಲ್ಲಿ ಹಾಡುತ್ತಿದ್ದ ಕಾವ್ಯ ನಮಗೆ ಬರೀ 'ಜಾನಪದ ಪ್ರಕಾರ'ವಾಗಿತ್ತು, ಎಂದರೆ ನಮ್ಮ ಸರಕು ತುಂಬಲು ಒಂದು ಖಾಲಿ ಚೀಲ. ಎಚ್.ಎಸ್. ಶಿವಪ್ರಕಾಶ್ 'ಮಂಟೇಸ್ವಾಮಿ ಕಥಾಪ್ರಸಂಗ' ಬರೆದ ಮೇಲೆ ನಮ್ಮವರೇ ಎಷ್ಟೋ ಜನ ಆ ಕಥೆಯನ್ನು ಮೊದಲ ಸಲ ಕೇಳಿಸಿಕೊಂಡರು.

ಆ ಕಥೆಯಲ್ಲಿ ಒಂದು ಭಾಗವಿದೆ. ಮಂಟೇಸ್ವಾಮಿ ಕಲ್ಯಾಣದ ಶರಣರನ್ನು ಪರೀಕ್ಷಿಸಲು ಬರುತ್ತಾನೆ, ಕೊಳೆತು ನಾರುವ ಮೈಯಲ್ಲಿ. ಸಮಾನತೆಯ ಮಾತಾಡುವ ಊರು ಅವನನ್ನು ಬಾಗಿಲಿಂದ ಅಟ್ಟುತ್ತದೆ, ಅವನು ತಿಪ್ಪೆಯ ಪಾಲಾಗುತ್ತಾನೆ. ಕ್ರಾಂತಿ ಮಾಡುವವರನ್ನೇ ಪರೀಕ್ಷೆಗೆ ಹಚ್ಚುವ ಕಥೆಯನ್ನು ನಮ್ಮ ಸೀಮೆಯ ಅಕ್ಷರವಿಲ್ಲದವರು ತಲೆತಲಾಂತರದಿಂದ ಹಾಡಿಕೊಂಡು ಬಂದಿದ್ದಾರೆ. ನಮ್ಮನ್ನು ಪರೀಕ್ಷಿಸಲೂ ಒಬ್ಬ ಬಂದಿದ್ದ, ತಮಟೆ ಹಿಡಿದು. ಅವನನ್ನು ನಾವು ಕ್ವಾರಿಗೆ ಕಳಿಸಿದೆವು.

ಆದ್ದರಿಂದ ಈಗಲೂ ತಂಡ ಇಟ್ಟುಕೊಂಡಿರುವ ಗೆಳೆಯರಿಗೆ ನೇರವಾಗಿ ಕೇಳುತ್ತೇನೆ. ಇಲಾಖೆಯ ನಾಟಕ ಮಾಡುವುದಾದರೆ ಮಾಡಿ, ಅದಕ್ಕೆ ಪ್ರಚಾರ ಕಾರ್ಯಕ್ರಮ ಎಂದು ಹೆಸರಿಡಿ. ಸಫ್ದರನ ಪಟ ಇಟ್ಟು ಹಾರ ಹಾಕಬೇಡಿ. ವರ್ಷಕ್ಕೆ ಒಂದಾದರೂ ನಾಟಕವನ್ನು ಯಾರ ಹಂಗೂ ಇಲ್ಲದೆ ಆಡಿ, ಟವೆಲ್ಲು ಹಾಸಿ ದುಡ್ಡು ಎತ್ತಿ. ಆಡಿದ ಊರಿನಲ್ಲಿ ರಾತ್ರಿ ಉಳಿಯಿರಿ. ಬೆಳಿಗ್ಗೆ ಕೂಲಿಯ ಹೊತ್ತಿಗೆ ಅಲ್ಲಿರಿ.

ಟೆಂಪೋದ ಮಕ್ಕಳ ನಾಟಕ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಒಬ್ಬ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದ. ಜನ ಕಡಿಮೆ ಕಾಣುತ್ತಾರೆಂದು ಟೀ ಕುಡಿಯುತ್ತಿದ್ದವರನ್ನೂ ಎಬ್ಬಿಸಿ ನಿಲ್ಲಿಸಿದ. ತಂಡದ ಮುಖ್ಯಸ್ಥನೆಂದು ಕಂಡ ಹುಡುಗನನ್ನು ಆ ಹಾಡು ಎಲ್ಲಿ ಕಲಿತೆಯಪ್ಪ ಎಂದು ಕೇಳಿದೆ. "ಮೊದ್ಲಿಂದಲೂ ಐತೆ ಸಾರ್, ಜಾನಪದ" ಎಂದ. ಡಿಗ್ರಿ ಮಾಡಿದ್ದಾನಂತೆ, ಕೆಲಸವಿಲ್ಲ. ಹೋದ ಸಾಲಿನ ಬಿಲ್ಲೇ ಇನ್ನೂ ಬಂದಿಲ್ಲವಂತೆ. ಆಮೇಲೆ ಒಂದು ಕಾಗದ ಮುಂದೆ ಹಿಡಿದು, "ಸಾರ್, ನೀವು ಹಿರೀರು, ನಾಟಕ ನಡೀತು ಅಂತ ಒಂದ್ ಸೈನು" ಎಂದ. ಅದರಲ್ಲಿ ಸಾರ್ವಜನಿಕರ ಅಭಿಪ್ರಾಯ ಎಂದು ಒಂದು ಕಲಂ ಇತ್ತು. ನಾನು ಕನ್ನಡಕ ಹಾಕಿಕೊಂಡು, ಈ ಹಾಡು 1982ರಲ್ಲಿ ಜೀತದ ವಿರುದ್ಧ ಕಟ್ಟಿದ್ದು, ಇದನ್ನು ಹೀಗೆ ಬಳಸಬಾರದು ಎಂದು ಬರೆಯತೊಡಗಿದೆ. ಹುಡುಗ ಓದಿದ. ಅವನ ಮುಖ ಸಣ್ಣದಾಯಿತು.

"ಸಾರ್, ಇಂಗ್ ಬರುದ್ರ ಬಿಲ್ ಪಾಸಾಗಲ್ಲ."

ಪೆನ್ನು ಕೈಯಲ್ಲೇ ಇತ್ತು. ಬರೆದದ್ದನ್ನು ಹೊಡೆದುಹಾಕಿ, ಅದರ ಕೆಳಗೆ 'ಕಾರ್ಯಕ್ರಮ ಚೆನ್ನಾಗಿತ್ತು' ಎಂದು ಬರೆದು ಸಹಿ ಮಾಡಿಕೊಟ್ಟೆ.